ವರಾಂಡಾದಲ್ಲಿ ನಡೆದು ಮಾಡಿದ ಲೆಕ್ಕ

ಸ್ಟಾಫ್‌ರೂಮಿನಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕಾರ್ಡ್ ಸರ್ ಅಂದರೆ ಸಾಕಿತ್ತು. ಅಂಗಿಯ ಎಡಜೇಬಿನಲ್ಲಿ ಸದಾ ಹತ್ತು-ಹನ್ನೆರಡು ಕಂದು ಕಾರ್ಡು, ಅವುಗಳ ಮೈತುಂಬ ಅಕ್ಕಿಕಾಳಿನಷ್ಟು ಸಣ್ಣ ತೂತು. ಒಂದು ಕಾಲಕ್ಕೆ ಕಂಪ್ಯೂಟರಿಗೆ ಪ್ರೋಗ್ರಾಮ್ ಅಂತ ತಿನ್ನಿಸುತ್ತಿದ್ದದ್ದು ಇವನ್ನೇ. ತಾರುಣ್ಯದಲ್ಲಿ ದೂರದ ದೊಡ್ಡ ಊರಿನಲ್ಲಿ ಎರಡು ವರ್ಷ ಓದಿ, ಅಲ್ಲಿಂದ ಜಮಖಂಡಿಗೆ ಗಣಿತದ ಲೆಕ್ಚರರ್ ಆಗಿ ಬರುವಾಗ, ಆ ಊರಿನವರು ರದ್ದಿಗೆ ಎಸೆದ ಕಾರ್ಡುಗಳನ್ನು ಒಂದು ಟ್ರಂಕು ತುಂಬ ತಂದಿದ್ದರು. ಆ ಟ್ರಂಕು ಅವರ ಜೀವಮಾನಕ್ಕೆ ಸಾಕಾಯಿತು. ರಜೆಯ ಅರ್ಜಿಯ ಕರಡು ಕಾರ್ಡಿನ ಬೆನ್ನಮೇಲೆ. ಸಂತೆಯಿಂದ ತರಬೇಕಾದ ಬದನೆಕಾಯಿ, ಪುಂಡಿಪಲ್ಯ ಕಾರ್ಡಿನ ಬೆನ್ನಮೇಲೆ. ಯಾರೂ ಇನ್ನೂ ಸಾಬೀತು ಮಾಡದ ಪ್ರಮೇಯವೂ ಕಾರ್ಡಿನ ಬೆನ್ನಮೇಲೆ.

ನಾನು ರಿಟೈರ್ ಆದ ದಿನ ಎಲ್ಲರೂ ಹಾರ ಹಾಕಿದರು, ಮೊದಲೇ ರಿಟೈರ್ ಆಗಿದ್ದ ಇವರು ಬಂದು ಒಂದು ಕಾರ್ಡು ಕೊಟ್ಟರು. ಅದರಲ್ಲಿ ಹೀಗಿತ್ತು: "ಮೇಡಮ್, ಎಂಡ್ ಅಂತ ಬರೀದ ಹೊರತು ಪ್ರೋಗ್ರಾಮ್ ಮುಗಿಯೂದಿಲ್ಲ. ನೀವು ಬರೀಬ್ಯಾಡ್ರಿ." ಅವರು ಹೋಗಿ ಈಗ ಎರಡು ವರ್ಷ. ಕಾರ್ಡು ನನ್ನ ಹಳೇ ಡಿಕ್ಷನರಿಯಲ್ಲಿದೆ. ನಾನಿನ್ನೂ ಬರೆದಿಲ್ಲ.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು. ಲಗ್ನವಾಗಿ ಜಮಖಂಡಿಗೆ ಬಂದೆ, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದೆ. ನಮ್ಮ ನನ್‌ಗಳು ಹೇಳಿಕೊಟ್ಟ ಮ್ಯಾನರ್ಸಿನ ಪ್ರಕಾರ ದೊಡ್ಡವರು ಬರಿಗಾಲಲ್ಲಿ ಓಡಾಡಬಾರದು, ಒಬ್ಬರೇ ಮಾತಾಡಿಕೊಳ್ಳಬಾರದು, ನೆಲದ ಮೇಲೆ ಬರೆಯಬಾರದು. ನಾನು ಕಾಲೇಜಿಗೆ ಸೇರಿದ ಮೊದಲ ವಾರ ಈ ಮನುಷ್ಯ ಮೂರನ್ನೂ ಒಟ್ಟಿಗೆ ಮಾಡುತ್ತಿದ್ದರು. ವರಾಂಡಾದ ಹಾಸುಗಲ್ಲಿಗೆ ಒಂದೊಂದು ಅಕ್ಷರ ಬರೆದು, ಚಪ್ಪಲಿ ಕಳಚಿಟ್ಟು, ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ, ಮತ್ತೆ ಮುಂದೆ. ಪಾಪ, ತಲೆ ಕೆಟ್ಟಿದೆ ಅಂದುಕೊಂಡೆ.

"ತಲಿ ಕೆಟ್ಟಿಲ್ರಿ ಮೇಡಮ್," ಅಂದರು ನಮ್ಮ ಫಿಜಿಕಲ್ ಡೈರೆಕ್ಟರ್. ಇಡೀ ಕಾಲೇಜಿನಲ್ಲಿ ಅವರದೇ ದನಿ ದೊಡ್ಡದು. "ಪ್ರೋಗ್ರಾಮ್ ಓಡಸಾಕತ್ತಾರ. ನಾ ಹುಡುಗರನ್ನ ಓಡಸತೀನಿ, ಅವರು ಅಕ್ಷರ ಓಡಸತಾರ. ಇಬ್ಬರಿಗೂ ಮೆಡಲ್ ಬಂದಿಲ್ಲ ನೋಡ್ರಿ ಇನ್ನೂ."

ಆಮೇಲೆ ಗೊತ್ತಾಯಿತು, ಅದಕ್ಕೊಂದು ಕಾರಣವಿತ್ತು. ಆಗ ನಮ್ಮ ಊರಿನಲ್ಲಿ ಕಂಪ್ಯೂಟರ್ ಇರಲಿಲ್ಲ. ಇವರು ಪ್ರೋಗ್ರಾಮನ್ನು ಕಾಗದದ ಮೇಲೆ ಬರೆದು ತಮ್ಮ ಹಳೆಯ ಕ್ಲಾಸ್‌ಮೇಟ್ ಒಬ್ಬರಿಗೆ ಟಪಾಲಿನಲ್ಲಿ ಕಳಿಸುತ್ತಿದ್ದರು. ಆ ಗೆಳೆಯರು ದೊಡ್ಡ ಊರಿನ ಕಂಪ್ಯೂಟರ್ ಸೆಂಟರಿನಲ್ಲಿ ಇವರ ಸರದಿ ಬಂದಾಗ ಅದನ್ನು ಹಾಕಿ, ಹೊರಬಂದ ಹಾಳೆಯನ್ನು ಮರುಟಪಾಲಿನಲ್ಲಿ ಕಳಿಸುತ್ತಿದ್ದರು. ಮೂರು ವಾರ ಕಾದು ಲಕೋಟೆ ಒಡೆದರೆ ಒಳಗೆ ಒಂದೇ ಸಾಲು ಇರುತ್ತಿತ್ತು: ಎಲ್ಲೋ ಒಂದು ಕಾಮಾ ಬಿಟ್ಟಿದ್ದೀರಿ. ಹಾಗಾಗಿ ಕಳಿಸುವ ಮುಂಚೆ ಇಡೀ ಪ್ರೋಗ್ರಾಮನ್ನು ಕಾಲಿನಿಂದ ನಡೆದು ನೋಡುವುದು ಅವರಿಗೆ ರೂಢಿಯಾಗಿತ್ತು.

"ತಪ್ಪು ಟಪಾಲಿನ್ಯಾಗ ಹೋತು ಅಂದ್ರ ಇಪ್ಪತ್ತು ದಿನ ಹೋತು. ವರಾಂಡಾದಾಗ ಸಿಕ್ತು ಅಂದ್ರ ಹತ್ತು ಹೆಜ್ಜಿ ಅಷ್ಟ," ಅನ್ನುತ್ತಿದ್ದರು.

ನಮ್ಮದು ಹೊಸ ಜಿಲ್ಲೆ ಆದ ವರ್ಷ ಕಾಲೇಜಿಗೂ ಒಂದು ಕಂಪ್ಯೂಟರ್ ಬಂತು. ಅದಕ್ಕೆ ಪ್ರತ್ಯೇಕ ಕೋಣೆ, ಎ.ಸಿ., ಗೊಂಡೆ ಇಟ್ಟ ಪರದೆ. ಪೂಜೆ ಆಯಿತು, ನೀರು ಸಿಡಿದೀತು ಅಂತ ತೆಂಗಿನಕಾಯಿ ಮಾತ್ರ ಹೊರಗೆ ಒಡೆದರು. ಚಪ್ಪಲಿ ಹೊರಗೇ ಬಿಡಬೇಕು ಅಂತ ಬೋರ್ಡು. ಎಲ್ಲರೂ ದೇವರ ಗುಡಿಗೆ ಹೋದಂತೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಹೋಗಿ, ಕೈಕಟ್ಟಿ ನಿಂತು ನೋಡಿ ಬಂದೆವು. ಕಾರ್ಡ್ ಸರ್ ಮಾತ್ರ ವರಾಂಡಾದಲ್ಲೇ ಇದ್ದರು.

"ಒಳಗ ಬರ್ರಿ ಸರ್, ನಿಮ್ಮ ದೇವರ ಬಂದಾನ," ಎಂದು ಫಿಜಿಕಲ್ ಡೈರೆಕ್ಟರ್ ಕೂಗಿದರು.

"ಇನ್ನೂ ನಡದ ಮುಗದಿಲ್ರಿ. ಮುಗದ ಮ್ಯಾಲೆ ಬರತೇನಿ."

ಆ ವರ್ಷಗಳಲ್ಲಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಲಿದ್ದ ಹಳ್ಳಿಗಳ ಯಾದಿ ಎಲ್ಲೆಲ್ಲೂ ಸಿದ್ಧವಾಗುತ್ತಿತ್ತು. ನಮ್ಮ ವಿದ್ಯಾರ್ಥಿಯೊಬ್ಬಳ ಊರಿನ ಹಿರಿಯರು ಒಂದು ದಿನ ತಮ್ಮ ಊರಿನ ಮನೆಗಳ ಪಟ್ಟಿ ತಂದು, ಕಂಪ್ಯೂಟರಿನಲ್ಲಿ ಚೆಂದಗೆ ಹಾಕಿಕೊಡಿ, ಹೊಸ ಊರಿನಲ್ಲಿ ಜಾಗ ಹಂಚಲಿಕ್ಕೆ ಬೇಕು ಅಂದರು. ಅಕಾರಾದಿಯಲ್ಲಿ ಹಾಕುವುದು ಒಂದು ಗಳಿಗೆಯ ಕೆಲಸ. ಇವರು ಒಪ್ಪಲಿಲ್ಲ. ಆ ಹಿರಿಯರನ್ನು ಕೂರಿಸಿಕೊಂಡು ಎರಡು ದಿನ ಕೇಳಿದರು: ಯಾರ ಗೋಡೆಗೆ ಯಾರ ಗೋಡೆ, ಯಾರ ಕಟ್ಟೆಯ ಮೇಲೆ ಯಾರು ಕೂಡುತ್ತಾರೆ. ಕೊನೆಗೆ ಓಣಿ ಹಿಡಿದು ಪಟ್ಟಿ ಬಂತು. "ಅಕಾರಾದಿ ಹಾಕಿದ್ರ ಅತ್ತಿ ಒಂದು ಕಡೆ, ಸೊಸಿ ಒಂದು ಕಡೆ. ವಿಂಗಡಸೂದು ಸರಳ ಐತ್ರಿ ಮೇಡಮ್. ವಿಂಗಡಸಿದ ಮ್ಯಾಲೂ ಊರು ಊರ ಇರಬೇಕು," ಅಂದರು. ಟು ಬಿ ಫ್ರ್ಯಾಂಕ್, ಇವರನ್ನು ನಾನು ಸೀರಿಯಸ್ಸಾಗಿ ತೆಗೆದುಕೊಳ್ಳಲು ಶುರುಮಾಡಿದ್ದು ಅವತ್ತಿನಿಂದ.

ಅವರ ಪಿಎಚ್‌ಡಿಯ ವಿಷಯ ಏನು ಅಂತ ನಾನೇ ಒಮ್ಮೆ ಕೇಳಿದೆ. ಚಾಕ್‌ಪೀಸ್ ತೆಗೆದುಕೊಂಡು ವರಾಂಡಾಕ್ಕೆ ಕರೆದುಕೊಂಡು ಹೋದರು.

"ಒಂದು ಓಣಿ ಅದ ಅಂತ ತಿಳಕೋರಿ. ಓಣಿ ತುಂಬ ಬಾಗಲಾ, ಒಂದೊಂದಕ್ಕ ಒಂದೊಂದು ಬಣ್ಣ. ಒಬ್ಬಾಕಿ ಅದರಾಗ ಹಿಂದ-ಮುಂದ ಅಡ್ಡಾಡತಾಳ. ಒಂದೊಂದು ಹೆಜ್ಜಿಗೂ ಕಂಡ ಬಣ್ಣ ಕೂಗತಾಳ. ನಿಲ್ಲಾಂಗಿಲ್ಲ. ಮುಂದರ ಇಡಬೇಕು, ಹಿಂದರ ಇಡಬೇಕು. ನಾವು ಓಣಿ ನೋಡಿಲ್ಲ, ಬರೇ ಕೂಗು ಕೇಳೇವಿ: ಕೆಂಪು, ಹಸರು, ಹಳದಿ, ಹಸರು, ಕೆಂಪು. ಬಾಗಲಾ ಎಷ್ಟರೀ?"

"ಐದು," ಅಂದೆ.

"ಮೂರ ಸಾಕಲ್ರೀ! ಹಳದಿ ತನಕ ಹೋದ್ಲು, ತಿರುಗಿ ಬಂದ್ಲು."

ನನಗೆ ನಮ್ಮ ಕಾನ್ವೆಂಟಿನ ಉದ್ದನೆಯ ಕಾರಿಡಾರ್ ನೆನಪಾಯಿತು: ಗಂಟೆ, ಮೇರಿಯಮ್ಮನ ಪ್ರತಿಮೆ, ಚಾಪೆಲ್ಲಿನ ಬಾಗಿಲು, ಮತ್ತೆ ಪ್ರತಿಮೆ, ಮತ್ತೆ ಗಂಟೆ. ಆಫ್ ಕೋರ್ಸ್, ಮೂರೇ.

"ಕೂಗು ಹತ್ತು ಸಾವಿರ ಇದ್ರ?" ಅವರ ಕಣ್ಣು ಮಿನುಗುತ್ತಿತ್ತು. "ಎಲ್ಲಾಕಿಂತ ಸಣ್ಣ ಓಣಿ ಯಾವುದು, ಅದನ್ನ ಬೇಗ ಹೆಂಗ ಹುಡುಕೂದು, ಅಂಥಾ ಓಣಿ ಒಂದ ಇರತದೋ ಎರಡ ಇರತಾವೋ? ಇಷ್ಟ ನನ್ನ ಪಿಎಚ್‌ಡಿ."

ಈ ಪ್ರಶ್ನೆ ಅವರಿಗೆ ಪುಸ್ತಕದಿಂದ ಬಂದದ್ದಲ್ಲ. ಅವರು ಬನಹಟ್ಟಿಯ ನೇಕಾರರ ಮನೆಯವರು. ಮನೆಯಲ್ಲಿ ಇವರಿಗಿಂತ ಹತ್ತು ವರ್ಷ ದೊಡ್ಡ ಅಕ್ಕ, ಆಕೆಯದೊಂದು ಕೈಮಗ್ಗ. ಸೀರೆಯ ದಡಿಯ, ಅಂದರೆ ಅಂಚಿನ, ಚಿತ್ತಾರ ಮೂಡಿಸಲು ಆ ಮಗ್ಗದ ನೆತ್ತಿಯ ಮೇಲೆ ಗೂಟ ಬಡಿದ ಕಟ್ಟಿಗೆ ಪಟ್ಟಿಗಳ ಸರಪಳಿ ಇರುತ್ತದೆ. ಒಂದೊಂದು ಹೊಡೆತಕ್ಕೆ ಒಂದೊಂದು ಪಟ್ಟಿ ಸರಿದು, ಯಾವ ಎಳೆ ಏಳಬೇಕು ಅಂತ ಹೇಳುತ್ತದೆ. ಕೊನೆಯ ಪಟ್ಟಿ ಬಂದಾಗ ಹಗ್ಗ ಎಳೆದರೆ ಸರಪಳಿ ಹಿಂದಕ್ಕೆ ತಿರುಗುತ್ತದೆ. ಸರಪಳಿಯೇ ಓಣಿ, ಪಟ್ಟಿಯೇ ಬಾಗಿಲು, ಅಡ್ಡಾಡುವ ಹೆಣ್ಣುಮಗಳು ಅಕ್ಕ. ಪಟ್ಟಿ ಕಡಿಮೆಯಾದಷ್ಟೂ ಅಕ್ಕನ ಕಾಲಿಗೆ ಭಾರ ಕಡಿಮೆ.

ಆದರೆ ಇವರು ಎಂದೂ ಮಗ್ಗಕ್ಕೆ ಕೂತವರಲ್ಲ. ಏಳು ವರ್ಷಕ್ಕೆ ಅಕ್ಕನನ್ನು ಮಗ್ಗಕ್ಕೆ ಕೂರಿಸಿದ ಅಪ್ಪ, ಇವರನ್ನು ನೋಡಿ, "ಇಂವನ ಕೈ ಮೆತ್ತಗ ಅದಾವು, ಸಾಲಿಗೆ ಹೋಗಲಿ," ಅಂದಿದ್ದರಂತೆ. ಆ ಮಾತನ್ನು ಅವರು ನಗುತ್ತ ಹೇಳುತ್ತಿದ್ದರು. ಹೇಳುವಾಗ ಮಾತ್ರ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು.

ವಿಶ್ವವಿದ್ಯಾಲಯದ ಗೈಡ್ ಇವರಿಗಿಂತ ಚಿಕ್ಕವರು. ಇದು ಕಂಪ್ಯೂಟರ್ ಸೈನ್ಸ್ ಅಲ್ಲ, ಅಡ್ಡಾಡೋ ಸೈನ್ಸ್ ಅಂತ ಮುಖದ ಮೇಲೆ ಹೇಳಿದ್ದರಂತೆ. ಎರಡು ಸಲ ಅವಧಿ ವಿಸ್ತರಣೆಯಾಗಿತ್ತು, ಮೂರನೆಯ ಸಲ ಇಲ್ಲ ಅಂತ ಪತ್ರ ಬಂದಿತ್ತು. ಬರುವ ಬೇಸಿಗೆಗೆ ಇವರ ರಿಟೈರ್‌ಮೆಂಟ್.

"ಸರ್, ಪಿಎಚ್‌ಡಿ ಮೊದಲೋ ಪಿಂಚಣಿ ಮೊದಲೋ?" ಫಿಜಿಕಲ್ ಡೈರೆಕ್ಟರ್ ದಿನಾ ಚಹಾದ ಹೊತ್ತಿಗೆ ಕೇಳುವರು.

"ಯಾವುದು ನಡಕೋತ ಬರತದ ಅದು ಮೊದಲ," ಎಂದು ಇವರು ಉತ್ತರ ಕೊಡುವರು.

ಥೀಸಿಸ್ಸಿನ ಇಂಗ್ಲಿಷ್ ತಿದ್ದಿದವಳು ನಾನು. ಪ್ರತಿ ವಾಕ್ಯ ಮೂರು ಸಲ ಓದಿದೆ, ಒಂದೂ ಪೂರ್ತಿ ಅರ್ಥವಾಗಲಿಲ್ಲ. ಅವರ ವಾಕ್ಯಗಳಲ್ಲಿ 'ದಿ' ಇರುತ್ತಲೇ ಇರಲಿಲ್ಲ. "ನಿಮ್ಮ 'ದಿ' ಎಲ್ಲಿ ಬೇಕಾದಲ್ಲಿ ಹಾಕ್ರಿ, ನಾ ಕೇಳೂದಿಲ್ಲ. ನನ್ನ ಸೊನ್ನಿ ಒಂದೂ ತಗೀಬ್ಯಾಡ್ರಿ, ಅಷ್ಟ," ಅಂತ ಒಪ್ಪಂದವಾಗಿತ್ತು. ಕೊನೆಯ ಅನುಬಂಧದಲ್ಲಿ ಅಕ್ಕ ನೇಯುವ ದಡಿಗಳ ಉದಾಹರಣೆ, ಆಕೆ ಬಾಯಲ್ಲಿ ಹೇಳಿದಂತೆ ಇವರು ಬರೆದುಕೊಂಡದ್ದು. ಚೆಂದಕ್ಕಿರಲಿ ಅಂತ ಅಕ್ಕನ ಮಗ್ಗದ ಒಂದು ಫೋಟೋ ಹಾಕೋಣ ಅಂದವಳೂ ನಾನೇ. ಸ್ಟುಡಿಯೋದವನನ್ನು ಬನಹಟ್ಟಿಗೆ ಕಳಿಸಿ ತೆಗೆಸಿದ್ದಾಯಿತು.

ಆ ಫೋಟೋವೇ ಮುಳುವಾಯಿತು.

ಎಕ್ಸಾಮಿನರ್ ಅವರ ಪತ್ರ ಬಂದಾಗ ನಾನು ಸ್ಟಾಫ್‌ರೂಮಿನಲ್ಲಿದ್ದೆ. ಇವರು ನಿಂತೇ ಓದಿದರು. ನಾಲ್ಕು ಮಡಿಕೆ ಮಾಡಿ ಕಾರ್ಡುಗಳ ಹಿಂದೆ ಜೇಬಿನಲ್ಲಿಟ್ಟರು. ಅವತ್ತು ನಡೆಯಲಿಲ್ಲ. ವರಾಂಡಾ ಗುಡಿಸುವ ಶಾಂತವ್ವ ವರ್ಷಗಟ್ಟಲೆ ಇವರ ಅಕ್ಷರ ಒರೆಸಿ ಒರೆಸಿ ಬೈದವಳು. ಸಂಜೆ ಬಂದು ಬಾಗಿಲಲ್ಲಿ ನಿಂತಳು.

"ಸರ್, ಇವತ್ತ ನೆಲಾ ಹೊಲಸ ಮಾಡಲಿಲ್ಲಲ್ಲ. ಆರಾಮ ಇಲ್ಲೇನ್ರಿ?"

ಅವರು ನನ್ನ ಕಡೆ ತಿರುಗಿದರು. "ಮೇಡಮ್, ನಿಮ್ಮ 'ದಿ' ಎಲ್ಲಾ ಛಲೋ ಅದಾವಂತ. ನನ್ನ ಲೆಕ್ಕ ಅಷ್ಟ ತಪ್ಪಂತ."

ಪತ್ರದಲ್ಲಿ ಬೈಗುಳ ಇರಲಿಲ್ಲ, ಅದೇ ಕಷ್ಟ. ಎಕ್ಸಾಮಿನರ್ ಭೂತಗನ್ನಡಿ ಹಿಡಿದು ಫೋಟೋದೊಳಗಿನ ಸರಪಳಿಯ ಪಟ್ಟಿ ಎಣಿಸಿದ್ದರು: ಹತ್ತೊಂಬತ್ತು. ಅದೇ ದಡಿಗೆ ಇವರ ಪ್ರೋಗ್ರಾಮ್ ಹೇಳಿದ ಉತ್ತರ ಮೂವತ್ತಾರು. ಮೂವತ್ತಾರಕ್ಕಿಂತ ಸಣ್ಣದು ಸಾಧ್ಯವೇ ಇಲ್ಲ ಅಂತ ಇವರ ಪ್ರಮೇಯದ ಗ್ಯಾರಂಟಿ. ಹತ್ತೊಂಬತ್ತು ಪಟ್ಟಿಯಲ್ಲಿ ಒಬ್ಬ ಹೆಣ್ಣುಮಗಳು ದಿನಾ ನೇಯುತ್ತಿರುವುದನ್ನು ಮೂವತ್ತಾರಿಲ್ಲದೆ ನೇಯಲು ಬರುವುದಿಲ್ಲ ಎಂದು ಅಭ್ಯರ್ಥಿ ಹೇಗೆ ಸಾಬೀತು ಮಾಡಿದರು? ಒಂದು ತಿಂಗಳೊಳಗೆ ಸಮಾಧಾನ ಹೇಳಬೇಕು, ಇಲ್ಲವಾದರೆ ಥೀಸಿಸ್ ತಿರಸ್ಕೃತ.

ಎಂಟು ದಿನ ಮತ್ತೆ ನಡೆದರು. ವರಾಂಡಾ ಸಾಲದೆ ಗ್ರೌಂಡಿಗೆ ಹೋದರು. ಫಿಜಿಕಲ್ ಡೈರೆಕ್ಟರ್ ಬಾಯಿಮುಚ್ಚಿಕೊಂಡು ಓಟದ ಟ್ರ್ಯಾಕಿಗೆ ಹಾಕುವ ಸುಣ್ಣ ತಂದುಕೊಟ್ಟರು. ಒಂಬತ್ತನೆಯ ದಿನ ಇವರು ನನ್ನ ಟೇಬಲ್ಲಿನ ಮುಂದೆ ಬಂದು ಕೂತರು.

"ಸಾಬೀತು ಖರೆ ಅದ ಮೇಡಮ್. ಒಂದೂ ಬಿರುಕ ಸಿಗಲಿಲ್ಲ. ಮಗ್ಗನೂ ಖರೆ ಅದ, ಮಗ್ಗ ಎಂದೂ ಸುಳ್ಳ ಹೇಳೂದಿಲ್ಲ. ಎರಡೂ ಕೂಡಿ ಖರೆ ಇರಾಕ ಬರೂದಿಲ್ಲ. ಅಂದ ಮ್ಯಾಲೆ ನಾನ ಸುಳ್ಳ. ವಾಪಸ್ ತಗೋತೀನಿ ಅಂತ ಪತ್ರ ಬರೀತೇನಿ. ನೀವು ಇಂಗ್ಲಿಷ್ ನೋಡಿಕೊಡ್ರಿ."

ನನಗೆ ಸಿಟ್ಟೇ ಬಂತು. "ಪ್ಲೀಸ್, ಸ್ಟಾಪ್ ಇಟ್. ಸಾಯೋ ಪತ್ರಕ್ಕೆಲ್ಲ ನಾನು ಗ್ರಾಮರ್ ನೋಡೂದಿಲ್ಲ. ಭಾನುವಾರ ಬನಹಟ್ಟಿಗೆ ಹೋಗೋಣ. ನೀವು ಅಕ್ಕನ ಬಾಯಿಂದ ದಡಿ ಬರಕೊಂಡಿದ್ದು ಹೆಂಗೆ ಅಂತ ನಾನು ನೋಡಬೇಕು."

ರಬಕವಿ ದಾಟಿ ಬಸ್ಸು ಬನಹಟ್ಟಿಗೆ ಹೊಕ್ಕಿತು ಅಂದರೆ ಕಿವಿಗೇ ಗೊತ್ತಾಗುತ್ತದೆ. ಓಣಿ ಓಣಿಯಲ್ಲಿ ಪವರ್‌ಲೂಮಿನ ಖಟಖಟ. ಅದರ ನಡುವೆ ಅಕ್ಕನ ಮನೆಯಲ್ಲಿ ಮಾತ್ರ ಹಳೆಯ ಕೈಮಗ್ಗದ ನಿಧಾನವಾದ ದಪ್ಪ ಸದ್ದು. ಅಕ್ಕ ಮಗ್ಗದ ಕೆಳಗಿನ ಗುಣಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದರು.

"ಬರ್ರಿ ಅಕ್ಕೋರ. ಇಂವಾ ಯಾಕ ಹಿಂಗ ಸೊರಗ್ಯಾನ? ಕಾಲೇಜಿನ್ಯಾಗ ಕೂಳ ಹಾಕೂದಿಲ್ಲೇನು?"

"ಅಕ್ಕಾ, ಆ ದಡಿ ಇನ್ನೊಮ್ಮೆ ಹೇಳು," ಎಂದು ಇವರು ಕಾರ್ಡು, ಪೆನ್ಸಿಲ್ ತೆಗೆದು ನೆಲದ ಮೇಲೆ ಕೂತರು.

ಅಕ್ಕ ನೇಯುತ್ತ ಹೇಳತೊಡಗಿದರು. ಮೂರು ಎತ್ತು, ಎರಡು ಬಿಡು. ಹೊಡೆತ. ಎರಡು ಎತ್ತು, ಮೂರು ಬಿಡು. ಹೊಡೆತ. ಇವರು ತಲೆ ತಗ್ಗಿಸಿ ಬರೆಯುತ್ತಿದ್ದರು. ನಾನು ಚಹಾದ ಕಪ್ಪು ಹಿಡಿದು ನೋಡುತ್ತಿದ್ದೆ. ನನ್ನ ಇಡೀ ನೌಕರಿಯಲ್ಲಿ ಡಿಕ್ಟೇಷನ್ ಕೊಟ್ಟವಳು ನಾನು. ಬರೆಯುವವರ ಕಿವಿ ಬಾಯಿಯ ಮೇಲೆ ಇರುತ್ತದೆ, ಕೈಯನ್ನು ಯಾರೂ ನೋಡುವುದಿಲ್ಲ. ಚಿತ್ತಾರ ಒಂದು ಸುತ್ತು ಹೋಗಿ ತಿರುಗಿ ಬಂತು. ಅಕ್ಕನ ತುಟಿ ಮುಚ್ಚಿತು. ಕೈ ಮಾತ್ರ ಲಾಳಿ ಎಸೆಯಿತು, ಹಣಿಗೆ ಬಡಿಯಿತು. ಆಮೇಲೆ ಮತ್ತೆ ಬಾಯಿ ತೆರೆಯಿತು: ಮೂರು ಎತ್ತು, ಎರಡು ಬಿಡು.

"ಅಕ್ಕಾರ, ತಡೀರಿ," ಅಂದೆ. "ಈಗ ಒಂದು ಹೊಡತ ಹೊಡದ್ರಿ. ಬಾಯಿಲೆ ಏನೂ ಅನಲಿಲ್ಲ."

"ಅದನ್ನ ಅನಬಾರದವಾ."

"ಯಾಕ್ರೀ?"

"ಅದು ತಾಯಿ ಎಳಿ. ಚಿತ್ತಾರ ತಿರುಗೂ ಜಾಗಾದಾಗ ಒಂದು ಎಳಿ ತಾಯಿಗೆ. ನಮ್ಮವ್ವ ಅಂತಿದ್ದಿಲ್ಲ, ಅವರವ್ವನೂ ಅಂತಿದ್ದಿಲ್ಲ. ಸುಮ್ಮ ನೇಯೂದು. ಹೇಳೂದಲ್ಲ, ಎಣಸೂದಲ್ಲ."

ಪೆನ್ಸಿಲ್ ಕೆಳಗೆ ಬಿತ್ತು. ಇವರು ಅಕ್ಕನ ಮುಖವನ್ನೇ ನೋಡುತ್ತಿದ್ದರು.

"ಅಕ್ಕಾ. ಇಪ್ಪತ್ತು ವರ್ಷದಿಂದ ನಿನ್ನ ಮುಂದ ಕೂತು ಬರಕೋಳಾಕತ್ತೇನಿ. ಒಮ್ಮೆನೂ ಹೇಳಲಿಲ್ಲಲ್ಲ ನೀ?"

"ನೀ ಕೇಳಿದ್ಯಾ? ನೀ ಕೇಳಿದ್ದು 'ಹೇಳಕ್ಕಾ' ಅಂತ. ಹೇಳೂದನ್ನ ಹೇಳೇನಿ. ಹೇಳಬಾರದ್ದನ್ನ ಹೆಂಗ ಹೇಳಲಿ? ಮಗ್ಗದಾಗ ಕೂತವರಿಗೆ ಗೊತ್ತಿರತದ. ನೀ ಕೂತಿಲ್ಲ."

ಅವರು ಎದ್ದರು. ಹೊಸ್ತಿಲ ಬಳಿಯ ರಂಗೋಲಿ ಬಟ್ಟಲು ತಂದು ಪಡಸಾಲೆಯಲ್ಲಿ ಹತ್ತೊಂಬತ್ತು ಚುಕ್ಕಿ ಇಟ್ಟು ನಡೆಯತೊಡಗಿದರು. ಆಗ ನನಗೂ ಅರ್ಥವಾಯಿತು. ಅಕ್ಕ ಹೇಳಿದ್ದನ್ನಷ್ಟೇ ಕೇಳಿದರೆ ತಿರುವಿನಲ್ಲಿ ಒಂದೇ ಕೂಗು ಬೆನ್ನಿಗೆ ಬೆನ್ನು ಎರಡು ಸಲ ಬರುತ್ತದೆ. ಓಣಿಯಲ್ಲಿ ನಿಲ್ಲುವಂತಿಲ್ಲವಲ್ಲ! ಹಾಗಾಗಿ ಪ್ರೋಗ್ರಾಮ್ ಪಾಪ, ಅದೇ ಬಣ್ಣದ ಇನ್ನೊಂದು ಬಾಗಿಲು, ಅದರಾಚೆ ಇಡೀ ಓಣಿಯ ಇನ್ನೊಂದು ನಕಲು ಕಟ್ಟಿಬಿಟ್ಟಿತ್ತು. ಹದಿನೆಂಟು ಮತ್ತು ಹದಿನೆಂಟು, ಮೂವತ್ತಾರು. ಆ ಎರಡು ಕೂಗಿನ ನಡುವೆ ಒಂದು ಮೌನದ ಹೆಜ್ಜೆ ಇಟ್ಟರೆ ನಕಲು ಓಣಿ ಮಾಯ. ಹದಿನೆಂಟು ಮತ್ತು ಒಂದು.

ಪಡಸಾಲೆಯ ಆ ತುದಿಗೆ ನಿಂತು ಅವರು ನಗತೊಡಗಿದರು. ಅಷ್ಟು ದೊಡ್ಡದಾಗಿ ಅವರು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

"ಹುಚ್ಚ ಹಿಡೀತೇನ್ಲೇ ನಿನಗ?" ಅಂದರು ಅಕ್ಕ. ಆಮೇಲೆ ದನಿ ತಗ್ಗಿಸಿ, "ನೋಡಪಾ, ಅದನ್ನ ಪುಸ್ತಕದಾಗ ಬರೀಬ್ಯಾಡ. ಬರೀಲಾರದಂಗ ಏನ ಬೇಕಾದ್ದ ಮಾಡಿಕೋ."

ಮತ್ತೊಂದು ಸಂಕಟ. ಬರೆಯದಿದ್ದರೆ ಥೀಸಿಸ್ ಇಲ್ಲ. ಆ ಸಾಲಿನಲ್ಲಿ ಎತ್ತಿದ ಎಳೆಗೆ ಒಂದು, ಬಿಟ್ಟ ಎಳೆಗೆ ಸೊನ್ನೆ ಹಾಕಿದರೆ ಮುಗಿಯಿತು, ಅಕ್ಕನಿಗೆ ಓದಲೂ ಬರುವುದಿಲ್ಲ. ನಾನು ಬಸ್ಸಿನಲ್ಲಿ ಹಾಗೇ ಹೇಳಿದೆ, ಐ ಮಸ್ಟ್ ಕನ್ಫೆಸ್. ಅವರು ಕಿಟಕಿಯಾಚೆ ಕಬ್ಬಿನ ಹೊಲ ನೋಡುತ್ತ ಹೇಳಿದರು: "ಆಕಿಗೆ ಓದಾಕ ಬರೂದಿಲ್ಲ ಅಂತನ ಬರೀಬಾರದು ಮೇಡಮ್."

ಸಮಾಧಾನದ ಪತ್ರದಲ್ಲಿ ಇಡೀ ದಡಿಯನ್ನು ಮತ್ತೆ ಬರೆದರು. ತಿರುವು ಬಂದಲ್ಲೆಲ್ಲ ಒಂದು ಖಾಲಿ ಚೌಕ. ಕೆಳಗೆ ಒಂದೇ ಸಾಲು ಟಿಪ್ಪಣಿ: ಇಲ್ಲಿ ಒಂದು ಹೆಜ್ಜೆ ಇದೆ. ಆ ಒಂದು ವಾಕ್ಯದಲ್ಲಿ ನಾನು ಏನೂ ತಿದ್ದಲಿಲ್ಲ.

ಅದನ್ನು ಓದಿದ ಎಕ್ಸಾಮಿನರ್, ಉಳಿದದ್ದನ್ನು ಮುಖಾಮುಖಿ ಕೇಳುತ್ತೇನೆ ಅಂತ ವೈವಾಕ್ಕೆ ದಿನ ಗೊತ್ತುಮಾಡಿದರು. ವಿಶ್ವವಿದ್ಯಾಲಯಕ್ಕೆ ನಾವು ನಾಲ್ವರು ಹೋದೆವು: ಅವರು, ಅಕ್ಕ, ನಾನು, ಯಾರೂ ಕರೆಯದಿದ್ದರೂ ಫಿಜಿಕಲ್ ಡೈರೆಕ್ಟರ್. ಅಕ್ಕ ಅದೇ ದಡಿಯ ಸೀರೆ ಉಟ್ಟಿದ್ದರು, ಕೈಯಲ್ಲಿ ಸಜ್ಜಿರೊಟ್ಟಿಯ ಗಂಟು. ಎಕ್ಸಾಮಿನರ್ ಮೈಸೂರು ಕಡೆಯ ಹಿರಿಯ ಹೆಣ್ಣುಮಗಳು, ದಪ್ಪ ಕನ್ನಡಕ. ಹಾಲಿನಲ್ಲಿ ಕೂತ ಪ್ರೊಫೆಸರುಗಳೆಲ್ಲ ಅವರಿಗೆ ಹೆದರುತ್ತಿದ್ದದ್ದು ಕಾಣುತ್ತಿತ್ತು.

"ಈ ಖಾಲಿ ಚೌಕ ಏನು?" ಅದೇ ಮೊದಲ ಪ್ರಶ್ನೆ.

"ಅದು ಒಂದು ಎಳಿ ಅದ ಮೇಡಮ್. ಆದ್ರ ಅದನ್ನ ಹೇಳಾಕ ಬರೂದಿಲ್ಲ."

ಹಾಲಿನಲ್ಲಿ ಯಾರೋ ನಕ್ಕರು. ಆಕೆ ನಗಲಿಲ್ಲ. "ಹೇಳೋಕಾಗದ್ದನ್ನ ನಿಮ್ಮ ಪ್ರೋಗ್ರಾಮ್ ಹೇಗೆ ಎಣಿಸುತ್ತೆ?"

"ಅದು ಹೆಜ್ಜಿ ಎಣಸತದ್ರಿ. ಹೆಸರ ಕೇಳೂದಿಲ್ಲ."

"ತೋರಿಸಿ."

ಕಂಪ್ಯೂಟರ್ ಪಕ್ಕದ ಕೋಣೆಯಲ್ಲೇ ಇತ್ತು. ಇವರು ಆ ಕಡೆ ನೋಡಲೂ ಇಲ್ಲ. ಜೇಬಿನಿಂದ ಚಾಕ್‌ಪೀಸ್ ತೆಗೆದು, ಆ ದೊಡ್ಡ ಹಾಲಿನ ನುಣ್ಣನೆ ನೆಲದ ಮೇಲೆ ಹತ್ತೊಂಬತ್ತು ಚೌಕ ಬರೆದರು. ಹದಿನೆಂಟರಲ್ಲಿ ಗುರುತು ಹಾಕಿದರು, ಮೊದಲನೆಯದನ್ನು ಖಾಲಿ ಬಿಟ್ಟರು. ಚಪ್ಪಲಿ ಬಿಟ್ಟು ನಡೆಯಲು ಸಿದ್ಧವಾದಾಗ ಆಕೆ ಕೈ ಎತ್ತಿದರು.

"ನೀವಲ್ಲ. ನಿಮಗೆ ಉತ್ತರ ಗೊತ್ತು. ನಾನು ನಡೀತೀನಿ."

ಚಪ್ಪಲಿ ಕಳಚಿ, ಸೀರೆಯ ನೆರಿಗೆ ಹಿಡಿದು ಆಕೆ ಖಾಲಿ ಚೌಕದ ಮೇಲೆ ನಿಂತರು. ಅಕ್ಕ ಗೋಡೆಗೊರಗಿ ಕೂತು ಕಣ್ಣು ಮುಚ್ಚಿ ಕೂಗತೊಡಗಿದರು. ಮೂರು ಎತ್ತು, ಎರಡು ಬಿಡು. ಒಂದು ಹೆಜ್ಜೆ. ಎರಡು ಎತ್ತು, ಮೂರು ಬಿಡು. ಇನ್ನೊಂದು ಹೆಜ್ಜೆ. ಪ್ರತಿ ಚೌಕಕ್ಕೂ ಬಗ್ಗಿ, ಕೂಗಿಗೂ ಗುರುತಿಗೂ ತಾಳೆ ನೋಡುತ್ತ ಆಕೆ ಹತ್ತೊಂಬತ್ತರ ತನಕ ಹೋದರು, ತಿರುಗಿದರು, ಬಂದರು. ಎರಡನೆಯ ಚೌಕಕ್ಕೆ ಬಂದಾಗ ಅಕ್ಕ ಸುಮ್ಮನಾದರು.

ಎಕ್ಸಾಮಿನರ್ ಒಂದು ಕಾಲು ಎತ್ತಿಕೊಂಡೇ ನಿಂತಿದ್ದರು, ಯಾರಾದರೂ ಏನಾದರೂ ಹೇಳಲಿ ಅಂತ. ಕಾರ್ಡ್ ಸರ್ ಹೇಳಲಿಲ್ಲ. ಅಕ್ಕ ಕಣ್ಣು ತೆರೆಯಲಿಲ್ಲ. ಆಗ ನೋಡಿದೆ: ಅಕ್ಕನ ಬಲಗೈ ಮಡಿಲಲ್ಲೇ ಒಂದಿಷ್ಟು ಅಲುಗಿತು, ಲಾಳಿ ಎಸೆದ ಹಾಗೆ. ಎಕ್ಸಾಮಿನರ್ ಕೂಡ ಅದನ್ನು ನೋಡಿದರು. ಎತ್ತಿದ ಕಾಲನ್ನು ಮೆಲ್ಲಗೆ ಖಾಲಿ ಚೌಕದ ಮೇಲೆ ಇಟ್ಟರು.

"ಮೂರು ಎತ್ತು, ಎರಡು ಬಿಡು," ಅಂದರು ಅಕ್ಕ.

ಆಮೇಲೆ ಆಕೆ ನಿಲ್ಲಲೇ ಇಲ್ಲ. ಎರಡು ಸುತ್ತು, ಮೂರು ಸುತ್ತು. ಪ್ರತಿ ಮೌನಕ್ಕೂ ಸರಿಯಾಗಿ ಖಾಲಿ ಚೌಕ, ಇಪ್ಪತ್ತನೆಯ ಚೌಕ ಬೇಕಾಗಲೇ ಇಲ್ಲ. ನಾಲ್ಕನೆಯ ಸುತ್ತಿಗೆ ಆ ದಪ್ಪ ಕನ್ನಡಕದ ಹೆಣ್ಣುಮಗಳು ಹದಿನಾರರ ಹುಡುಗಿಯ ಹಾಗೆ ನಗುತ್ತಿದ್ದರು.

"ಹತ್ತೊಂಬತ್ತು," ಅಂದರು, ಏದುಸಿರು ಬಿಡುತ್ತ. "ಮಗ್ಗವೂ ಸರಿ, ಪ್ರಮೇಯವೂ ಸರಿ. ಆ ಚೌಕ ಹಾಗೇ ಖಾಲಿ ಇರಲಿ. ಯಾರಾದರೂ ತುಂಬಿಸಿ ಅಂದರೆ ನನ್ನ ಹತ್ತಿರ ಕಳಿಸಿ. ಕಂಗ್ರಾಜುಲೇಷನ್ಸ್, ಡಾಕ್ಟರ್."

ಫಿಜಿಕಲ್ ಡೈರೆಕ್ಟರ್ ಕ್ರೀಡಾಕೂಟದ ಸೀಟಿ ಜೇಬಿನಿಂದ ತೆಗೆದು, ಆ ಗಂಭೀರ ಹಾಲಿನಲ್ಲಿ, ಊದಿಯೇ ಬಿಟ್ಟರು. "ಪಿಎಚ್‌ಡಿ ಮೊದಲ ಬಂತ್ರೀ! ಪಿಂಚಣಿ ಇನ್ನೂ ಮೂರು ವಾರ ಹಿಂದ ಅದ!" ಪ್ರೊಫೆಸರುಗಳೆಲ್ಲ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಕಾನ್ವೆಂಟ್ ಮ್ಯಾನರ್ಸ್ ಎಲ್ಲಿ ಹೋಯಿತೋ, ನಾನು ಸೆರಗಿನಲ್ಲೇ ಮೂಗು ಒರೆಸಿಕೊಂಡೆ.

ಅಕ್ಕ ನನ್ನ ತೋಳು ಜಗ್ಗಿದರು. "ಏನಂದ್ರವಾ ಆಕಿ?"

"ಗೆದ್ರು ಅಂದ್ರು ಅಕ್ಕಾರ. ನಿಮ್ಮ ಸರಪಳಿ ಹತ್ತೊಂಬತ್ತ ಪಟ್ಟಿ, ಅದಕ್ಕಿಂತ ಕಡಿಮಿ ಜಗತ್ತಿನ್ಯಾಗ ಯಾರಿಗೂ ಆಗೂದಿಲ್ಲ ಅಂತ ಸಾಬೀತು ಆತು."

"ಅಯ್ಯ, ಹತ್ತೊಂಬತ್ತು ಅಂತ ನಾ ಮನ್ಯಾಗ ಹೇಳತಿದ್ನೆಲ್ಲ. ಇಷ್ಟು ದೂರ ಬರಬೇಕಾಗಿತ್ತಾ?"

ಅಷ್ಟರಲ್ಲಿ ಕಾರ್ಡ್ ಸರ್ ಬಂದು ಅಕ್ಕನ ಕಾಲಿಗೆ ಎರಗಿದರು. ಎದ್ದಾಗ ಅಕ್ಕ ಅವರ ಎರಡೂ ಕೈ ಹಿಡಿದು ಅಂಗೈ ತಿರುವಿ ನೋಡಿದರು. ಆಮೇಲೆ ಕೆಳಗೆ ನೋಡಿದರು. ಚಾಕ್‌ಪೀಸಿನ ಪುಡಿ ಮೆತ್ತಿದ ಬರಿಗಾಲು, ಮೂವತ್ತು ವರ್ಷ ಹಾಸುಗಲ್ಲಿನ ಮೇಲೆ ನಡೆದು ಒಡೆದ ಹಿಮ್ಮಡಿ.

"ಕೈ ಇನ್ನೂ ಮೆತ್ತಗ ಅದಾವು," ಅಂದರು ಅಕ್ಕ. "ಕಾಲು ನೋಡಲೇ, ನನ್ನ ಕಾಲಕಿಂತ ಒರಟ ಆಗ್ಯಾವು. ಈಗ ಆತು. ಈಗ ನೀನೂ ನೇಯ್ದಿ."